ಹಳೇ ಲೇತಿನಲ್ಲಿ ಹುಟ್ಟಿದ ಇಂಜಿನ್

ನಿವೃತ್ತನಾದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಮನೆಯಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಕೊನೆಗೆ ಯಾವ ಹುದ್ದೆಯಲ್ಲಿದ್ದಿರಿ? ಹೇಳಿ ಸುಮ್ಮನಾಗುತ್ತೇನೆ. ಹುದ್ದೆ, ಬಡ್ತಿ ಎಲ್ಲ ಸರ್ವಿಸ್ ಪುಸ್ತಕದಲ್ಲಿದೆ, ಗುಮಾಸ್ತರು ಅಚ್ಚುಕಟ್ಟಾಗಿ ಬರೆದಿಟ್ಟಿದ್ದಾರೆ. ಅಲ್ಲಿ ಬರೆಯದೆ ಬಿಟ್ಟದ್ದನ್ನು ನಾನು ಬರೆಯುತ್ತೇನೆ. ಕೊಟ್ಟೂರಿನ ಒಂದು ಐಟಿಐಯಲ್ಲಿ ಟರ್ನರ್ ಸೆಕ್ಷನ್ನಿನ ಇನ್‌ಸ್ಟ್ರಕ್ಟರ್ ಆಗಿ ಮೂವತ್ತು ವರ್ಷದ ಹತ್ತಿರ ನಿಂತೇ ಕೆಲಸ ಮಾಡಿದೆ. ನಿಂತೇ ಅಂದರೆ ನಿಂತೇ. ಕಬ್ಬಿಣ ತಿರುವುವ ಲೇತಿನ ಮುಂದೆ ಕುರ್ಚಿ ಹಾಕಿಕೊಂಡು ಕೂತವನಿಗೆ ಕೆಲಸ ಬರುವುದಿಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ. ಈಗ ಹೊಸದಾಗಿ ಈ ಕೆಲಸಕ್ಕೆ ಸೇರುವವರು ಓದಲಿ ಎಂದು ಬರೆಯುತ್ತಿದ್ದೇನೆ. ಇದರಲ್ಲಿ ಉಪದೇಶ ಕಡಿಮೆ. ನಾವು ಮಾಡಿದ ಒಂದು ಪುಟ್ಟ ಇಂಜಿನ್, ಅದರ ದಾರಿಯಲ್ಲಿ ನಾನು ಮಾಡಿದ ತಪ್ಪುಗಳು, ಅಷ್ಟೇ.

ನನ್ನೂರು ತೆಲಿಗಿ. ಕೆಲಸಕ್ಕೆ ಸೇರುವ ಮುಂಚೆ ಹಲವಾಗಲಿನ ಕಡೆ ಹೊಳೆದಂಡೆಯ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದೆ. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಒಳಗಿನ ಬೇನೆ ಕೇಳುವುದನ್ನು ಅಲ್ಲೇ ಕಲಿತೆ. ದೂರದಿಂದ ನನ್ನ ಸೈಕಲ್ ಕಂಡರೆ ಸಾಕು, "ಕೊಟ್ರೇಶಿ ಬಂದ, ಇನ್ನ ನೀರು ಬಂದಂಗs ಬಿಡ್ರಿ" ಎಂದು ಅನ್ನುತ್ತಿದ್ದರು. ಇಂಥ ಮಾತು ಇಪ್ಪತ್ತೆರಡು ವರ್ಷದವನ ತಲೆಗೆ ಒಳ್ಳೆಯದಲ್ಲ. ನನಗೆ ಬಂದ ಸೊಕ್ಕು ಹೊಳೆದಂಡೆಯಿಂದಲೇ ಬಂದದ್ದು.

ಆ ಸೊಕ್ಕಿನ ಮೇಲೆ ಮೊದಲು ನೀರು ಹಾಕಿದವರು ಐಟಿಐಯ ಹಿರಿಯ ಇನ್‌ಸ್ಟ್ರಕ್ಟರ್. ಅವರ ಕೈಕೆಳಗೆ ನಾನು ತಿರುವಿದ ಮೊದಲ ಜಾಬ್, ಒಂದು ಕಬ್ಬಿಣದ ತುಂಡು, ಅಳತೆಗೆ ಸರಿಯಾಗಿತ್ತು. ಅವರು ಅದನ್ನು ಬೆರಳಲ್ಲಿ ಸವರಿ ನೋಡಿದರು. ಅಂಚಿನ ಚೂಪು ತೆಗೆಯಲು ನಾನು ಮರೆತಿದ್ದೆ, ಅವರ ಬೆರಳು ಕೊಯ್ದು ರಕ್ತ ಬಂತು. ಬೈಯಲಿಲ್ಲ. ಜಾಬನ್ನು ಗುಜರಿ ಡಬ್ಬಿಗೆ ಹಾಕಿ ಬೆರಳು ಚೀಪುತ್ತಾ ಹೋದರು. ಮೈಕ್ರೋಮೀಟರ್ ಒಪ್ಪಿದರೆ ಸಾಲದು, ಕೈಯೂ ಒಪ್ಪಬೇಕು ಎಂದು ಆವತ್ತು ತಿಳಿಯಿತು. ಈಗ ಅಂಕಿ ತೋರಿಸುವ ಡಿಜಿಟಲ್ ವರ್ನಿಯರ್ ಬಂದಿದೆ, ಹೇಳಿದಂತೆ ತಾನೇ ತಿರುವುವ ಕಂಪ್ಯೂಟರ್ ಲೇತ್ ಬಂದಿದೆ. ನಮ್ಮ ಕಾಲಕ್ಕೆ ಎರಡು ಭಾಗ ಕೂಡುತ್ತವೋ ಇಲ್ಲವೋ ನೋಡಲು ಒಂದಕ್ಕೆ ಚಿಮಣಿಯ ಹೊಗೆ ಹಿಡಿಸಿ ಇನ್ನೊಂದರೊಳಗೆ ತಿರುಗಿಸುತ್ತಿದ್ದೆವು. ಕಪ್ಪು ಎಲ್ಲಿ ಅಳಿಸಿತೋ ಅಲ್ಲಿ ಉಬ್ಬು. ಹೊಸ ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಹೊಗೆ ಹಿಡಿಸಿ ನೋಡುವುದನ್ನೂ ಕಲಿತಿರಿ.

ಇನ್ನು ಲೇತಿನ ವಿಷಯ. ನಮ್ಮ ಸೆಕ್ಷನ್ನಿನಲ್ಲಿ ಕೆಲಸಕ್ಕೆ ಬರುವ ಲೇತ್ ಇದ್ದದ್ದು ಒಂದೇ. ನಾನು ಸೇರುವ ಹೊತ್ತಿಗೇ ಅದು ಹಳೆಯದು. ಕಬ್ಬಿಣ ಹೆರೆಯುವ ಟೂಲ್ ಹಿಂದೆ ಮುಂದೆ ಓಡಾಡುವ ಬೆಡ್, ಜಾಬ್ ಕಚ್ಚಿ ಹಿಡಿಯುವ ಚಕ್ಕಿನ ಹತ್ತಿರ ಒಂದು ಗೇಣಿನಷ್ಟು ಉದ್ದ ಸವೆದಿತ್ತು. ಎಲ್ಲರೂ ಅಲ್ಲೇ ಕೆಲಸ ಮಾಡುವುದರಿಂದ ಅಲ್ಲೇ ಸವೆಯುತ್ತದೆ. ಆ ಜಾಗದಲ್ಲಿ ತಿರುವಿದರೆ ಜಾಬ್ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ನಾನು ಜಾಬನ್ನು ಚಕ್ಕಿನಿಂದ ಉದ್ದಕ್ಕೆ ಮುಂದೆ ಚಾಚಿ ಹಿಡಿಸಿ, ತುದಿಗೆ ಆಸರೆ ಕೊಟ್ಟು, ಸವೆಯದ ಜಾಗದಲ್ಲಿ ಕೆಲಸ ತೆಗೆಯುತ್ತಿದ್ದೆ. ಮನೆಯ ಮುರಿದ ಮೆಟ್ಟಿಲು ಯಾವುದೆಂದು ಗೊತ್ತಿದ್ದವರು ಕತ್ತಲಲ್ಲೂ ಎಡವುವುದಿಲ್ಲವಲ್ಲ, ಹಾಗೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ನಮಗೆ ಹೊಸ ಪ್ರಿನ್ಸಿಪಾಲರು ಬಂದರು. ಮಂಜುನಾಥಯ್ಯ ಎಂದು ಹೆಸರು, ದಾವಣಗೆರೆಯವರು. ಚುರುಕು ಮನುಷ್ಯ, ಕೈ ಬಾಯಿ ಸ್ವಚ್ಛ. ಬಂದ ವಾರದಲ್ಲೇ ಸೆಕ್ಷನ್ ಸೆಕ್ಷನ್ ತಿರುಗಿ ನೋಡಿದರು. ನಮ್ಮ ಲೇತಿನಲ್ಲಿ ಒಂದು ಸರಳು ತಿರುವಿಸಿ ಎರಡೂ ತುದಿಯ ಅಳತೆ ತೆಗೆದರು. ದುರದೃಷ್ಟಕ್ಕೆ ಅವರು ಹೇಳಿದ್ದು ಸವೆದ ಜಾಗದಲ್ಲೇ ತಿರುವಲು.

"ಏನ್ರೀ ಕೊಟ್ರೇಶಪ್ಪ, ಇದು ಲೇತಾ ಕಬ್ಬಿನ ಗಾಣನಾ?" ಅಂದರು. "ಇದನ್ನ ಗುಜರಿಗೆ ಹಾಕಿ ಈ ಶೆಡ್ಡಲ್ಲಿ ಕಂಪ್ಯೂಟರ್ ಕೋರ್ಸ್ ಶುರು ಮಾಡಾಣ. ಟರ್ನರ್ ಸೆಕ್ಷನ್ನಿಗೆ ಈಗ ಯಾರು ಬರ್ತಾರ್ರಿ?"

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಆ ವರ್ಷ ನಮ್ಮ ಸೆಕ್ಷನ್ನಿನ ಅರ್ಧ ಸೀಟು ಖಾಲಿ. ಕೊಟ್ಟೂರಿನಲ್ಲೂ ಹಗರಿಬೊಮ್ಮನಹಳ್ಳಿಯಲ್ಲೂ ಕಂಪ್ಯೂಟರ್ ಕಲಿಸುವ ಬೋರ್ಡು ಎದ್ದಿದ್ದವು. ಆದರೂ ನನ್ನ ಪಿತ್ತ ನೆತ್ತಿಗೇರಿತು. ಲೇತ್ ಹೋದರೆ ಸೆಕ್ಷನ್ ಹೋದಂತೆ, ಸೆಕ್ಷನ್ ಹೋದರೆ ನಾನು ಸ್ಟೋರಿನಲ್ಲಿ ನಟ್ಟು ಬೋಲ್ಟು ಎಣಿಸುತ್ತಾ ಕೂರಬೇಕು. ಅದಕ್ಕಿಂತ ಹೆಚ್ಚಾಗಿ, ಗಾಣ ಅಂದದ್ದು ನನ್ನ ಎದೆಗೆ ನಾಟಿತ್ತು.

"ಸರ, ಇದೇ ಲೇತ್‌ನ್ಯಾಗ ಒಂದು ಇಂಜಿನ್ ಮಾಡಿ ಓಡಿಸಿ ತೋರಿಸ್ತೀನಿ. ಪೆಟ್ರೋಲ್ ಇಂಜಿನ್. ಕೂದ್ಲೆಳಿಯಷ್ಟು ಹೆಚ್ಚುಕಮ್ಮಿ ಆದ್ರೂ ಅದು ಓಡಂಗಿಲ್ಲ. ಓಡಿದ್ರ ಲೇತ್ ಇರ್ಲಿ, ಓಡ್ಲಿಲ್ಲಂದ್ರ ನಾನs ಎತ್ತಿ ಗುಜರಿ ಗಾಡಿಗೆ ಹಾಕ್ತೀನಿ" ಅಂದೆ.

ಅವರು ನಗಲಿಲ್ಲ. "ಇಲಾಖೆಯವರು ತಪಾಸಣೆಗೆ ಬರೋದು ಇನ್ನ ಮೂರು ತಿಂಗಳಿಗೆ. ಅವತ್ತು ಅವರ ಕೈಗೆ ನಾನು ಲೇತ್ ವಿಲೇವಾರಿ ಪತ್ರ ಕೊಡ್ಬೇಕು. ಅಲ್ಲಿತಂಕ ಟೈಮ್ ಐತಿ ನಿಮಗೆ" ಅಂದರು. ಮನುಷ್ಯ ನ್ಯಾಯವಂತ ಎಂದು ಆಗಲೇ ಅನ್ನಿಸಿತ್ತು, ಸಿಟ್ಟಿನಲ್ಲಿ ಒಪ್ಪಿಕೊಳ್ಳಲಿಲ್ಲ ಅಷ್ಟೇ.

ಸವಾಲು ಹಾಕಿದ್ದೇನೋ ಹಾಕಿದೆ. ಇಂಜಿನ್ ರಿಪೇರಿ ಮಾಡಿದ್ದೆನೇ ಹೊರತು ಹುಟ್ಟಿಸಿದವನಲ್ಲ. ನೆಟ್ಟಗೆ ಹೋಗಿ ಶಾರದಾ ಮೇಡಂ ಮುಂದೆ ನಿಂತೆ. ಅವರು ನಮ್ಮಲ್ಲಿ ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಸುತ್ತಿದ್ದವರು, ದಿನಾ ಹರಪನಹಳ್ಳಿಯಿಂದ ಬಸ್ಸಿಗೆ ಬರುತ್ತಿದ್ದರು. ನನಗಿಂತ ಹತ್ತು ವರ್ಷ ಚಿಕ್ಕವರು. ಮಾತು ಕಮ್ಮಿ. ಒಂದು ಗೆರೆ ಎಳೆಯುವ ಮುಂಚೆ ಮೂರು ಸಲ ಅಳೆಯುವುದು ಅವರ ಪದ್ಧತಿ, ಅದನ್ನು ನೋಡುತ್ತಾ ನಿಂತರೆ ನನಗೆ ಕಾಲು ತುರಿಸುತ್ತಿತ್ತು. ವಿಷಯ ಕೇಳಿ ಅವರು ಒಂದೇ ಪ್ರಶ್ನೆ ಹಾಕಿದರು.

"ಡ್ರಾಯಿಂಗ್‌ನ್ಯಾಗ ಎಷ್ಟು ಅಳತಿ ಹಾಕ್ತೀನೋ ಅಷ್ಟs ಮಾಡ್ತೀರೇನ್ರಿ ಸರ? ನಿಮ್ಮ ಕೈ ಹೇಳಿದಂಗ ಮಾಡಂಗಿದ್ರ ನನ್ನ ಡ್ರಾಯಿಂಗ್ ಯಾಕ?"

"ಮಾಡ್ತೀನ್ರಿ ಮೇಡಂ" ಅಂದೆ. ಸುಳ್ಳು ಹೇಳಿದೆನೆಂದು ಆಗ ನನಗೂ ಗೊತ್ತಿರಲಿಲ್ಲ.

ವಾಲ್ವ್ ಇಲ್ಲದ ಟೂ ಸ್ಟ್ರೋಕ್ ಇಂಜಿನ್ ಎಂದು ಮಾಡಿಕೊಂಡೆವು, ಮೊಪೆಡ್ಡಿನದು ಇರುತ್ತದಲ್ಲ ಅಂಥದ್ದು. ಒಂದೇ ಸಿಲಿಂಡರ್, ಒಳಗಿನ ರಂಧ್ರ ಒಂದು ಇಂಚು. ನಾಲ್ಕು ಹಾಳೆಯ ಡ್ರಾಯಿಂಗ್ ಬಂತು. ಸಾಮಾನಿಗೆ ನಾವು ಪೇಟೆಗೆ ಹೋಗಲಿಲ್ಲ. ಕೊಟ್ಟೂರಿನಲ್ಲಿ ಮಂಡಿ ಇಟ್ಟಿದ್ದ ನನ್ನ ದೊಡ್ಡಪ್ಪನ ಮಗ ಈರಣ್ಣನ ಹತ್ತಿರ, ತೂಕಕ್ಕೆ ಸರ್ಕಾರಿ ಮುದ್ರೆ ಹಾಕುವವರು ತಿರಸ್ಕರಿಸಿದ ಐದು ಕಿಲೋ ತೂಕದ ಕಲ್ಲು ಎರಡು ಬಿದ್ದಿದ್ದವು. ಹೆಸರಿಗೆ ಕಲ್ಲು, ಒಳ್ಳೇ ಬೀಡು ಕಬ್ಬಿಣ. ಒಂದನ್ನು ತಿರುವಿ ಇಂಜಿನ್ನಿನ ಭಾರದ ಚಕ್ರ, ಫ್ಲೈವೀಲ್ ಮಾಡಿದೆ, ಇನ್ನೊಂದರಿಂದ ಸಿಲಿಂಡರ್ ತೆಗೆದೆ. ಮುರಿದ ಲಾರಿ ಆಕ್ಸಲ್ಲಿನ ತುಂಡು ಕ್ರ್ಯಾಂಕ್ ಆಯಿತು. ಪೆಟ್ರೋಲನ್ನು ಹನಿಹನಿಯಾಗಿ ಬಿಡುವ ಸೂಜಿಗೆ ಗೋಣಿಚೀಲ ಹೊಲಿಯುವ ದಬ್ಬಣ. ಟ್ಯಾಂಕಿಗೆ ಪೌಡರ್ ಡಬ್ಬಿ. ಸ್ಪಾರ್ಕ್ ಪ್ಲಗ್, ಕಾಯಿಲ್, ಹೊತ್ತಿಗೆ ಸರಿಯಾಗಿ ಕಿಡಿ ಹಾರಿಸುವ ಪಾಯಿಂಟು ಮಾತ್ರ ಹಳೇ ಮೊಪೆಡ್ಡಿನವು. ಬ್ಯಾಟರಿ ಆಫೀಸಿನ ಜೀಪಿನದು.

ಪಿಸ್ಟನ್ ಎರಕ ಹೊಯ್ದವನು ದುರುಗಪ್ಪ. ಅವನು ನಮ್ಮ ವರ್ಕ್‌ಶಾಪಿನ ಅಟೆಂಡರ್, ನನ್ನ ವಾರಿಗೆಯವನು. ಕುಲುಮೆಯ ಮುಂದೆ ಅವನಷ್ಟು ಹದ ಬಲ್ಲವರನ್ನು ನಾನು ನೋಡಿಲ್ಲ. ಒಡೆದ ಅಲ್ಯೂಮಿನಿಯಂ ಪಿಸ್ಟನ್ನುಗಳನ್ನು ಕರಗಿಸಿ ಕೊಳವೆಯಲ್ಲಿ ಹೊಯ್ದು, ತಣ್ಣಗಾದ ಮೇಲೆ ಉಗುರಿನಿಂದ ಬಡಿದು ಕಿವಿಗೆ ಹಿಡಿದ.

"ಟೊಳ್ಳು ಇಲ್ರಿ ಸರ. ಗಂಟಿ ಹೊಡದಂಗ ಅಂತೈತಿ, ಕೇಳ್ರಿ."

ಈಗ ನನ್ನ ಮೊದಲ ತಪ್ಪಿನ ಮಾತು. ಮೇಡಂ ತಮ್ಮ ಡ್ರಾಯಿಂಗಿನಲ್ಲಿ ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಒಂದಿಷ್ಟು ಸಡಿಲು ಬಿಡಬೇಕೆಂದು ಬರೆದಿದ್ದರು. ಅದನ್ನು ನೋಡಿ ನಾನು ಮೂಗು ಮುರಿದೆ. ಸಡಿಲು ಅಂದರೆ ಕೆಲಸ ಬಾರದವರ ನೆಪ ಎಂದು ನನ್ನ ತಲೆಯಲ್ಲಿ. ಸವೆದ ಲೇತಿನಲ್ಲಿ ಎಂಥ ಕೂಡಿಕೆ ತರಬಲ್ಲೆ ಎಂದು ಪ್ರಿನ್ಸಿಪಾಲರಿಗೆ ತೋರಿಸಬೇಕಿತ್ತಲ್ಲ. ಚಿಮಣಿ ಹೊಗೆ ಹಿಡಿಸಿ, ಉಬ್ಬು ತೆಗೆದು, ಮತ್ತೆ ಹಿಡಿಸಿ, ನಾಲ್ಕು ದಿನ ತಿಕ್ಕಿದೆ. ಕೊನೆಗೆ ಎಣ್ಣೆ ಸವರಿ ಪಿಸ್ಟನ್ ಬಿಟ್ಟರೆ ತನ್ನ ಭಾರಕ್ಕೆ ಮೆಲ್ಲಗೆ ಇಳಿಯುತ್ತಿತ್ತು, ಕೆಳಗೆ ಬೆರಳು ಮುಚ್ಚಿ ಎಳೆದರೆ ಟಪ್ ಎಂದು ಬಿಟ್ಟುಕೊಳ್ಳುತ್ತಿತ್ತು. ಸೆಕ್ಷನ್ನಿಗೆ ಬಂದವರಿಗೆಲ್ಲ ಆ ಟಪ್ ಕೇಳಿಸಿದೆ. ಗುಮಾಸ್ತರನ್ನೂ ಬಿಡಲಿಲ್ಲ.

ಶಾರದಾ ಮೇಡಂ ಕೇಳಿ, "ಭಾಳ ಚಲೋ ಬಂದೈತಿ ಸರ. ಆದ್ರ ಕಾದ ಮ್ಯಾಲೆ ಅಲ್ಯೂಮಿನಿಯಂ ಹಿಗ್ಗತೈತಿ, ಕಬ್ಬಿಣ ಅಷ್ಟು ಹಿಗ್ಗಂಗಿಲ್ಲ" ಅಂದರು.

"ಅದೆಲ್ಲ ಪುಸ್ತಕದಾಗ ಮೇಡಂ" ಅಂದೆ. ಪಂಪ್‌ಸೆಟ್ಟಿನಲ್ಲಿ ನೂರಾರು ಪಿಸ್ಟನ್ ಕೂಡಿಸಿದವನು ನಾನು. ಅವುಗಳ ಸಡಿಲನ್ನು ಕಂಪನಿಯವರೇ ಲೆಕ್ಕ ಹಾಕಿ ಬಿಟ್ಟಿರುತ್ತಿದ್ದರು ಎಂಬುದು ನನ್ನ ಮಂಡೆಗೆ ಹೊಳೆದೇ ಇರಲಿಲ್ಲ.

ಒಂದು ಮಧ್ಯಾಹ್ನ ಫ್ಲೈವೀಲಿಗೆ ಹುರಿ ಸುತ್ತಿ ಬುಗುರಿ ಬಿಟ್ಟಂತೆ ಎಳೆದೆ. ಐದಾರು ಸಲ ಎಳೆದ ಮೇಲೆ ಟರ್ ಎಂದು ಹತ್ತಿಕೊಂಡಿತು. ಆ ಸದ್ದು ಕೇಳಿ ನನಗೆ ಮೈ ಜುಮ್ಮೆಂದಿತು, ದುರುಗಪ್ಪ ಎರಡೂ ಕೈ ಎತ್ತಿ ಕೂಗಿದ. ಪ್ರಿನ್ಸಿಪಾಲರು ಸದ್ದಿಗೆ ಆಫೀಸಿನಿಂದ ಎದ್ದು ಬರುವುದು ಕಿಟಕಿಯಲ್ಲಿ ಕಂಡಿತು. ಅವರು ಬಾಗಿಲಿಗೆ ಬರುವಷ್ಟರಲ್ಲಿ ಕಿರ್ರೆಂದು ಕಿರುಚಿ ಇಂಜಿನ್ ನಿಂತಿತು. ಕೈಯಲ್ಲಿ ತಿರುಗಿಸಿದರೆ ಅಲುಗಾಡಲಿಲ್ಲ. ಕಾದ ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಂಡಿತ್ತು.

"ಹತ್ತು ಎಣಿಸೋದ್ರೊಳಗೆ ನಿಂತ್ರೆ ಅದನ್ನ ಪಟಾಕಿ ಅಂತಾರೆ, ಇಂಜಿನ್ ಅನ್ನಲ್ಲ" ಎಂದು ಹೇಳಿ ಪ್ರಿನ್ಸಿಪಾಲರು ಹೊರಟುಹೋದರು.

ನನ್ನ ಮುಖ ಸಣ್ಣದಾಯಿತು. ನಾಲ್ಕು ದಿನ ತಿಕ್ಕಿದ್ದು, ಹೊಳಪು, ಟಪ್ ಸದ್ದು ಎಲ್ಲ ಮಣ್ಣುಪಾಲು. ಶಾರದಾ ಮೇಡಂ "ನಾ ಹೇಳಿರಲಿಲ್ಲೇನು" ಎಂದು ಅನ್ನಲೇ ಇಲ್ಲ. ಡ್ರಾಯಿಂಗಿನ ಆ ಹಾಳೆಯನ್ನು ತಂದು ಲೇತಿನ ಮೇಲೆ ಇಟ್ಟು ಬಸ್ಸಿಗೆ ಹೋದರು. ಅವರು ಎರಡು ಮಾತು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ದುರುಗಪ್ಪ ಇನ್ನೊಂದು ಎರಕ ಹೊಯ್ದ. ಈ ಸಲ ಮೇಡಂ ಬರೆದ ಅಳತೆ ಎಷ್ಟೋ ಅಷ್ಟೇ. ಹೊಸಬರು ಇಲ್ಲಿ ಗಮನಿಸಬೇಕು: ಬಿಗಿ ಮಾಡುವುದಕ್ಕಿಂತ ಹೇಳಿದಷ್ಟು ಸಡಿಲು ಬಿಡುವುದು ಕಷ್ಟ. ಬಿಗಿಯನ್ನು ತಿಕ್ಕಿ ತಿಕ್ಕಿ ತರಬಹುದು, ಸಡಿಲಾಗಿ ಹೋದದ್ದನ್ನು ತುಂಬಲಾಗದು. ಜಾಬನ್ನು ಮುಂದೆ ಚಾಚಿ, ಸವೆಯದ ಜಾಗದಲ್ಲಿ, ಟೂಲಿಗೆ ಮತ್ತೆ ಮತ್ತೆ ಸಾಣೆ ಕೊಟ್ಟು ಉಸಿರು ಹಿಡಿದು ಕೊನೆಯ ಕಟ್ ತೆಗೆದೆ. ಮೇಡಂ ಮೈಕ್ರೋಮೀಟರಿನಲ್ಲಿ ಮೇಲೆ, ನಡುವೆ, ಕೆಳಗೆ ಹಿಡಿದು ನೋಡಿದರು. ಪಕ್ಕಕ್ಕೆ ತಿರುಗಿಸಿ ಮತ್ತೆ ಮೂರು ಸಲ ನೋಡಿದರು. ನನಗೆ ಕಾಲು ತುರಿಸಲಿಲ್ಲ ಆವತ್ತು.

"ಎಲ್ಲಾ ಕಡಿ ಒಂದs ಐತ್ರಿ ಸರ. ಈ ಲೇತ್‌ನ್ಯಾಗ ಇದು ಹೆಂಗ ಬಂತು?"

ಮೂವತ್ತು ವರ್ಷದಲ್ಲಿ ನನಗೆ ಸಿಕ್ಕ ದೊಡ್ಡ ಸರ್ಟಿಫಿಕೇಟ್ ಆ ಪ್ರಶ್ನೆ. ನನಗೆ ಎಷ್ಟು ಹಿಗ್ಗಾಯಿತೆಂದರೆ ಉತ್ತರ ಹೇಳದೆ ದುರುಗಪ್ಪನಿಗೆ ಎಲ್ಲರಿಗೂ ಚಹಾ ತರಲು ಹೇಳಿದೆ.

ತಪಾಸಣೆಯ ಹಿಂದಿನ ದಿನ ಇಂಜಿನ್ ಓಡಿತು. ಪೌಡರ್ ಡಬ್ಬಿಯ ಪೆಟ್ರೋಲ್ ಮುಗಿಯುವ ತನಕ ಓಡಿತು, ಶೆಡ್ ತುಂಬ ಹೊಗೆ. ಪ್ರಿನ್ಸಿಪಾಲರು ಮಾತ್ರ ಇರಲಿಲ್ಲ. ಬರುವ ಅಧಿಕಾರಿಯ ವ್ಯವಸ್ಥೆಗೆಂದು ಬಳ್ಳಾರಿಗೆ ಹೋಗಿದ್ದರು. ಇರಲಿ, ನಾಳೆ ಎಲ್ಲರೂ ಒಟ್ಟಿಗೇ ನೋಡಲಿ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಬೇಗ ಬಂದು ಶೆಡ್ ಗುಡಿಸಿ, ಲೇತ್ ಒರೆಸಿ, ಎಲ್ಲಕ್ಕೂ ಪೂಜೆ ಮಾಡಿದೆ. ನಮ್ಮ ಸೆಕ್ಷನ್ನಿನಲ್ಲಿ ಯಾವ ದೊಡ್ಡ ಕೆಲಸವೂ ವಿಭೂತಿ ಹಚ್ಚದೆ ಶುರುವಾದದ್ದಿಲ್ಲ. ಲೇತಿನ ತಲೆಗೆ ಮೂರು ಪಟ್ಟೆ, ವೈಸಿಗೆ ಮೂರು, ಸಾಣೆ ಕಲ್ಲಿಗೆ ಮೂರು. ಇಂಜಿನ್ ಹತ್ತಿರ ಬಂದಾಗ ದುರುಗಪ್ಪ ಕೇಳಿದ.

"ಇದಕ್ಕ ಎಲ್ಲಿ ಹಚ್ಚಾದ್ರಿ ಸರ? ಮೈಯೆಲ್ಲ ಎಣ್ಣಿ ಐತಿ, ನಿಲ್ಲಂಗಿಲ್ಲ."

ನೋಡಿದೆ. ಸಿಲಿಂಡರಿನ ನೆತ್ತಿಯ ಮೇಲೆ ನೆಟ್ಟಗೆ ನಿಂತ ಪ್ಲಗ್, ಅದರ ಬಿಳಿ ಪಿಂಗಾಣಿ ಒಳ್ಳೇ ಹಣೆಯ ಹಾಗೆ ಕಂಡಿತು. "ಹಣಿ ಇಲ್ಲೇ ಐತಲ್ಲೋ" ಎಂದು ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ಧಾರಾಳವಾಗಿ ಎಳೆದೆ. ಕುಂಕುಮದ ಬೊಟ್ಟು ಕೆಳಗೆ ಫ್ಲೈವೀಲಿಗೆ. ಕೈ ಮುಗಿದೆ. ಅಷ್ಟರಲ್ಲಿ ಮೇಡಂ ಬಂದರು. ಪಾಯಿಂಟು ಒಂದಿಷ್ಟು ಒರೆಸಿಬಿಡಿ ಎಂದು ನಾನೇ ಅವರಿಗೆ ಹೇಳಿದೆ. ಅವರು ಕಾಗದದ ಚೂರು ಹಾಕಿ ನಾಜೂಕಾಗಿ ಒರೆಸಿದರು.

ಹನ್ನೊಂದಕ್ಕೆ ಅಧಿಕಾರಿ ಬಂದರು, ಜೊತೆಗೆ ಪ್ರಿನ್ಸಿಪಾಲರು. ಪ್ರಿನ್ಸಿಪಾಲರ ಕೈಯಲ್ಲಿ ಫೈಲ್, ಫೈಲಿನಲ್ಲಿ ಲೇತ್ ವಿಲೇವಾರಿ ಪತ್ರ ಇದೆಯೆಂದು ನನಗೆ ಗೊತ್ತು. "ನಮ್ಮ ಟರ್ನರ್ ಇನ್‌ಸ್ಟ್ರಕ್ಟರ್ ಈ ಲೇತ್‌ನಲ್ಲೇ ಒಂದು ಇಂಜಿನ್ ಮಾಡಿದೀನಿ ಅಂತಾರೆ ಸರ್. ಮೊದಲು ಅದನ್ನ ನೋಡಿಬಿಡಿ" ಅಂದರು. ಕೊಟ್ಟ ಮಾತಿಗೆ ತಪ್ಪಲಿಲ್ಲ.

ಹುರಿ ಸುತ್ತಿದೆ, ಎಳೆದೆ. ಫ್ಲೈವೀಲ್ ತಿರುಗಿ ನಿಂತಿತು. ಇನ್ನೊಮ್ಮೆ. ಇಲ್ಲ. ದಬ್ಬಣದ ಸೂಜಿ ಒಂದಿಷ್ಟು ಸಡಿಲಿಸಿ ಎಳೆದೆ, ಬಿಗಿ ಮಾಡಿ ಎಳೆದೆ. ಇಪ್ಪತ್ತು ಸಲವಾದರೂ ಎಳೆದಿರಬೇಕು. ಒಂದು ಕೆಮ್ಮೂ ಇಲ್ಲ. ಬೆವರು ಮೂಗಿನ ತುದಿಯಿಂದ ಫ್ಲೈವೀಲ್ ಮೇಲೆ ತೊಟ್ಟಿಕ್ಕುತ್ತಿತ್ತು. ಅಧಿಕಾರಿ ಒಳ್ಳೆಯವರೇ, ಬಹಳ ಹೊತ್ತು ನಿಂತರು. ಆಮೇಲೆ, "ಪರವಾಗಿಲ್ಲ, ಪ್ರಯತ್ನ ಚೆನ್ನಾಗಿದೆ. ಬೇರೆ ಸೆಕ್ಷನ್ ನೋಡೋಣ" ಎಂದರು. ಪ್ರಯತ್ನ ಚೆನ್ನಾಗಿದೆ ಎಂಬ ಮಾತಿನಷ್ಟು ನೋವು ಕೊಡುವ ಮಾತು ನಮ್ಮ ಕೆಲಸದಲ್ಲಿ ಇನ್ನೊಂದಿಲ್ಲ. ಪ್ರಿನ್ಸಿಪಾಲರು ನನ್ನ ಕಡೆ ನೋಡದೆ ಅವರ ಹಿಂದೆ ನಡೆದರು.

ಆಗ ನಾನು ಮಾಡಿದ್ದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ತಿರುಗಿ ಶಾರದಾ ಮೇಡಂ ಮೇಲೆ ಹಾರಿದೆ. "ನಿನ್ನೆ ಓಡಿದ್ದು ಇವತ್ತು ಯಾಕ ಓಡ್ವಲ್ದು? ಪಾಯಿಂಟಿಗೆ ಕೈ ಹಚ್ಚಿದ್ದು ನೀವು. ಪೆನ್ಸಿಲ್ ಹಿಡಿಯೋ ಕೈಗೆ ಇದೆಲ್ಲ ಯಾಕ ಬೇಕಿತ್ತು?" ಎಂದು ಶೆಡ್ಡಿನಲ್ಲಿದ್ದ ತರಬೇತಿಯ ಹುಡುಗರೆಲ್ಲರ ಮುಂದೆ ಕೂಗಿದೆ. ಬಾಗಿಲು ದಾಟುತ್ತಿದ್ದ ಅಧಿಕಾರಿಯೂ ಒಮ್ಮೆ ತಿರುಗಿ ನೋಡಿ ಹೋದರು. ಮೇಡಂ ಮುಖ ಕೆಂಪಾಯಿತು. ಇಂಜಿನ್ ಹತ್ತಿರ ಬಗ್ಗಿ ನಿಂತರು.

"ದುರುಗಪ್ಪ, ಇನ್ನೊಮ್ಮಿ ಎಳಿ" ಅಂದರು. ಅವನು ಎಳೆದ. "ಚಿಟಿಚಿಟಿ ಅಂತ ಸದ್ದು ಬರಾಕತ್ತೈತಿ, ಹೊರಗs ಬರಾಕತ್ತೈತಿ. ಕಿಟಕಿ ಹಾಕು. ಬಾಗಲಾನೂ ಹಾಕು."

ಶೆಡ್ ಕತ್ತಲಾಯಿತು. ದುರುಗಪ್ಪ ಮತ್ತೆ ಎಳೆದ. ಆಗ ಕಂಡಿತು. ಪ್ಲಗ್ಗಿನ ಮೇಲಿನ ತುದಿಯಿಂದ ನೀಲಿ ಎಳೆಯೊಂದು ಪಿಂಗಾಣಿಯ ಹೊರಮೈ ಮೇಲೇ ಸರಸರ ಹರಿದು ಕಬ್ಬಿಣಕ್ಕೆ ಇಳಿಯಿತು. ಒಳಗೆ ಹಾರಬೇಕಾದ ಕಿಡಿ ಹೊರಗೇ ಜಾರಿ ಹೋಗುತ್ತಿತ್ತು. ನಾನು ನೀರು ಹೆಚ್ಚಾಗಿ ಕಲಸಿ ಹಚ್ಚಿದ ವಿಭೂತಿಯ ಮೂರು ಪಟ್ಟೆ ಇಳಿದು ಒಂದಾಗಿ, ಮೇಲಿಂದ ಕೆಳಗಿನ ತನಕ ಅದಕ್ಕೆ ಹಾದಿ ಮಾಡಿಕೊಟ್ಟಿದ್ದವು. ಬಿಳಿ ಪಿಂಗಾಣಿಯ ಮೇಲೆ ಬಿಳಿ ಬೂದಿ, ಬೆಳಕಿನಲ್ಲಿ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

ದುರುಗಪ್ಪ ಬಾಗಿಲು ತೆರೆದ. ಮೇಡಂ ಪ್ಲಗ್ ಬಿಚ್ಚಿ ಒಳಗಿನ ಪೆಟ್ರೋಲ್ ಹಸಿ ಒರೆಸಿದರು, ಹೊರಗಿನ ವಿಭೂತಿಯನ್ನು ಹತ್ತಿ ಬಟ್ಟೆಯಿಂದ ಒರೆಸಿದರು, ಮತ್ತೆ ಕೂಡಿಸಿದರು.

"ಇದಕ್ಕ ಬರೇ ಹಣಿನs ಚಲೋರಿ ಸರ" ಅಂದರು. ಅಷ್ಟೇ ಅಂದದ್ದು. ನಗು ತಡೆದುಕೊಂಡದ್ದು ಕಾಣುತ್ತಿತ್ತು.

ಮೂವತ್ತು ಕಣ್ಣು ನನ್ನನ್ನೇ ನೋಡುತ್ತಿದ್ದವು. ಬೈದದ್ದು ಅವರೆಲ್ಲರ ಮುಂದೆ, ಹಾಗಾಗಿ ಒಪ್ಪಿಕೊಳ್ಳುವುದೂ ಅವರ ಮುಂದೆಯೇ ಆಗಬೇಕು. "ತಪ್ಪು ನಂದ್ರಿ ಮೇಡಂ. ಹೋದ ಸಲ ಪಿಸ್ಟನ್ನಿನ ತಪ್ಪೂ ನಂದs. ಮನಸಿಗೆ ಹಚ್ಚಿಕೋಬ್ಯಾಡ್ರಿ" ಅಂದೆ. ಹುರಿಯನ್ನು ಫ್ಲೈವೀಲಿಗೆ ಸುತ್ತಿ ಅದರ ತುದಿ ಅವರ ಕೈಗೆ ಕೊಟ್ಟೆ. "ನೀವs ಎಳೀರಿ."

"ನಾನಾ?" ಎಂದು ಸ್ವಲ್ಪ ಹಿಂದೆ ಸರಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎಳೆದರು.

ಮೊದಲ ಎಳೆತಕ್ಕೇ ಹತ್ತಿಕೊಂಡಿತು. ಟರ್ರೆಂಬ ಸದ್ದು ತಗಡಿನ ಛಾವಣಿಗೆ ಬಡಿದು ಇಡೀ ಕಟ್ಟಡಕ್ಕೆ ಕೇಳಿಸಿತು. ಹುಡುಗರು ಬೆಂಚು ಬಡಿದರು. ಕಚ್ಚಿಕೊಳ್ಳಲಿಲ್ಲ, ಕೆಮ್ಮಲಿಲ್ಲ. ತೂಕದ ಕಲ್ಲು ಫ್ಲೈವೀಲಾಗಿ ಒಂದೇ ಸಮನೆ ತಿರುಗುತ್ತಿತ್ತು. ಇಂಜಿನ್ ಕೂರಿಸಿದ್ದ ಹಲಗೆ ಅದುರುತ್ತದೆಂದು ಕೈಯಿಟ್ಟು ನೋಡಿದೆ, ಸಣ್ಣ ನಡುಕ ಅಷ್ಟೇ. ನಾನು ಮಾಡಿದ್ದು ಸರಿಯಾಗಿತ್ತು, ಮೇಡಂ ಬರೆದದ್ದು ಸರಿಯಾಗಿತ್ತು, ದುರುಗಪ್ಪ ಹೊಯ್ದದ್ದು ಸರಿಯಾಗಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಹೊಗೆಯಿಂದ ಎಂದು ಯಾರಾದರೂ ತಿಳಿದಿದ್ದರೆ ತಿಳಿಯಲಿ ಎಂದು ಒರೆಸಿಕೊಳ್ಳಲಿಲ್ಲ.

ವರಾಂಡದಲ್ಲಿ ಓಡುವ ಹೆಜ್ಜೆ ಸದ್ದು ಕೇಳಿಸಿತು. ಅಧಿಕಾರಿ ಬಂದರು, ಅವರಿಗಿಂತ ಮುಂದೆ ಪ್ರಿನ್ಸಿಪಾಲರು ಬಂದರು. ಅಧಿಕಾರಿ ಬಗ್ಗಿ ಇಂಜಿನ್ನಿನ ಸುತ್ತ ನೋಡಿ, ಸದ್ದಿನ ಮೇಲೆ ಕೂಗಿ ಕೇಳಿದರು.

"ಪಿಸ್ಟನ್ ಎಲ್ಲಿಂದ ತಂದಿರಿ?"

"ಇಲ್ಲೇ ಮಾಡಿದ್ದು ಸರ. ಇವರು ಶಾರದಾ ಮೇಡಂ, ಅಳತಿ ಇವರದು. ಎರಕ ದುರುಗಪ್ಪನದು. ತಿರುವಿದ್ದು ನಾನು, ಆ ಲೇತ್‌ನ್ಯಾಗ" ಎಂದು ತೋರಿಸಿದೆ.

ಅವರು ಲೇತಿನ ಹತ್ತಿರ ಹೋಗಿ ಬೆಡ್ಡಿನ ಸವೆದ ಜಾಗಕ್ಕೆ ಬೆರಳಿಟ್ಟು ಸವರಿದರು. ವಾಪಸ್ಸು ಬಂದು ಪ್ರಿನ್ಸಿಪಾಲರ ಕಡೆ ತಿರುಗಿದರು. "ಲೇತ್ ವಿಲೇವಾರಿ ಪತ್ರ ಏನೋ ಕೊಡ್ತೀನಿ ಅಂದಿದ್ರಲ್ಲ? ಇಂಜಿನ್ ನಿಲ್ಲಿಸೋಕೆ ಹೇಳಿ, ಮಾತೇ ಕೇಳಿಸ್ತಿಲ್ಲ."

ನಾನು ಬ್ಯಾಟರಿಯ ವೈರ್ ಕೀಳಲು ಕೈ ಚಾಚಿದೆ. ಯಾರೋ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದರು. ನೋಡಿದರೆ ಪ್ರಿನ್ಸಿಪಾಲರು. ಫೈಲನ್ನು ಕಂಕುಳಲ್ಲಿ ಒತ್ತಿ ಹಿಡಿದಿದ್ದರು, ಕಣ್ಣು ಇಂಜಿನ್ ಮೇಲೇ ಇತ್ತು.

"ಯಾವ ಪತ್ರನೂ ಇಲ್ಲ ಸರ್" ಅಂದರು. "ಕೊಟ್ರೇಶಪ್ಪ, ನಿಲ್ಲಿಸಬ್ಯಾಡ್ರಿ. ದುರುಗಪ್ಪ, ಓಡು, ನನ್ನ ಸ್ಕೂಟರಿಂದ ಇನ್ನಷ್ಟು ಪೆಟ್ರೋಲ್ ತಗಂಡು ಬಾ."